ಕನ್ನಡ ಓಸಿಆರ್ ಫೋನಿಗೆ ಬರುವ ನಾಲ್ಕು ದಾರಿ: ಸಿದ್ಧ ಬೈನರಿ, ಸ್ವಂತ ಸ್ಕ್ರಿಪ್ಟ್, ವಿಸಿಪಿಕೆಜಿ, ಕೋನನ್

ಹಳೆಯ ಕನ್ನಡ ಪುಸ್ತಕದ ಪುಟವೊಂದರ ಫೋಟೊ ತೆಗೆದರೆ ಅದರಲ್ಲಿರುವುದನ್ನೆಲ್ಲ ಪಠ್ಯವಾಗಿಸಿ ಕೊಡುವ ಆ್ಯಪ್ ಮಾಡಲು ಹೊರಟವರಿಗೆ ಮೊದಲ ದಿನವೇ ಒಂದು ಪೆಟ್ಟು ಬೀಳುತ್ತದೆ. ಚಿತ್ರದಿಂದ ಪಠ್ಯ ಓದಲು ಗೂಗಲ್ ಆ್ಯಪ್‌ಗಳಿಗೆ ಕೊಡುವ ಸಿದ್ಧ ಸಾಧನ ಎಂಎಲ್ ಕಿಟ್. ಅದು ಓದುವ ಲಿಪಿಗಳು ಐದೇ ಐದು: ಲ್ಯಾಟಿನ್, ದೇವನಾಗರಿ, ಚೀನೀ, ಜಪಾನೀ, ಕೊರಿಯನ್. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ಮರಾಠಿಗೆ ಇದೇ ಆ್ಯಪ್ ಮಾಡುವವನು ಎರಡು ಸಾಲು ಸೇರಿಸಿ ಊಟಕ್ಕೆ ಏಳುವ ಹೊತ್ತಿಗೆ ನಾವು ಟೆಸೆರಾಕ್ಟ್‌ನ ಮೂಲ ಕೋಡ್ ಇಳಿಸಿಕೊಂಡು ಎಲ್ಲಿಂದ ಶುರು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿರುತ್ತೇವೆ.

ಟೆಸೆರಾಕ್ಟ್ 1980ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಹುಟ್ಟಿದ ಓಸಿಆರ್ ತಂತ್ರಾಂಶ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವಂಥದು. 2005ರಲ್ಲಿ ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಯಿತು. 2018ರಲ್ಲಿ ಬಂದ 4ನೇ ಆವೃತ್ತಿಯಿಂದ ಅದರೊಳಗೆ ನರಜಾಲದ ಎಂಜಿನ್ ಇದೆ. ಒತ್ತಕ್ಷರ, ಕೊಂಬು, ದೀರ್ಘಗಳಿಂದ ಮೇಲೂ ಕೆಳಗೂ ಬೆಳೆಯುವ ನಮ್ಮ ಲಿಪಿಗೆ ಹಳೆಯ ಎಂಜಿನ್‌ಗಿಂತ ಇದು ಎಷ್ಟೋ ಮೇಲು. ಕನ್ನಡಕ್ಕೆ ತರಬೇತಿ ಪಡೆದ ದತ್ತಾಂಶದ ಕಡತವೂ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಒಂದು ಆದೇಶಕ್ಕೆ ಕೂತುಬಿಡುತ್ತದೆ. ಫೋನಿಗೆ ತರಬೇಕೆಂದರೆ ಅದನ್ನು ಕ್ರಾಸ್-ಕಂಪೈಲ್ ಮಾಡಬೇಕು, ಅಂದರೆ ಒಂದು ಯಂತ್ರದ ಮೇಲೆ ಕೂತು ಬೇರೆಯದೇ ಯಂತ್ರಕ್ಕೆ ಬೇಕಾದ ಬೈನರಿ (ಆ ಯಂತ್ರ ನೇರವಾಗಿ ಓಡಿಸಬಲ್ಲ ಕಡತ) ಕಟ್ಟಬೇಕು.

ಬೇರೆ ಯಂತ್ರ ಎಂದಾಗ ಎಲ್ಲರೂ ಪ್ರೊಸೆಸರನ್ನಷ್ಟೇ ನೆನೆಯುತ್ತಾರೆ. ರಾಸ್ಪ್‌ಬೆರಿ ಪೈ ಮೇಲೆ ಕಟ್ಟಿದ 64 ಬಿಟ್ ಆರ್ಮ್ ಲೈಬ್ರರಿಯನ್ನು ಆಂಡ್ರಾಯ್ಡ್‌ಗೆ ಹಾಕಿ ನೋಡಿ, ನಡೆಯುವುದಿಲ್ಲ. ಚಿಪ್ ಒಂದೇ ಜಾತಿ, ಆದರೆ ಸಿ ಲೈಬ್ರರಿ ಬೇರೆ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ಲಿಬ್‌ಸಿ, ಆಂಡ್ರಾಯ್ಡ್‌ನಲ್ಲಿ ಬಯೋನಿಕ್. ಐಫೋನ್‌ನದು ಮತ್ತೊಂದು ಲೋಕ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಳತೆಗೋಲು ಯಾವುದು

ಈ ಬಗೆಯ ಹೋಲಿಕೆಗಳಲ್ಲಿ ‘ಯಾವುದು ಸುಲಭ’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ನಾನು ಬೇರೆ ಪ್ರಶ್ನೆಯಿಂದ ಅಳೆಯುತ್ತೇನೆ: ಇಂದು ಕಟ್ಟಿದ್ದನ್ನು ಎರಡು ವರ್ಷ ಬಿಟ್ಟು ಮತ್ತೆ ಕಟ್ಟಲು ಬರುತ್ತದೆಯೇ?

ಹೀಗೆ ಕೇಳಲು ಕಾರಣವಿದೆ. ಲಿನಕ್ಸ್ ಕರ್ನಲ್ ಮೆಮೊರಿಯನ್ನು ಪುಟಗಳಾಗಿ ಹಂಚುತ್ತದೆ, ಆಂಡ್ರಾಯ್ಡ್‌ನಲ್ಲಿ ಆ ಪುಟ 4 ಕೆಬಿ ಎಂದೇ ವರ್ಷಗಟ್ಟಲೆ ಎಲ್ಲರೂ ನಂಬಿದ್ದರು. ಆಂಡ್ರಾಯ್ಡ್ 15 ಬಂದಾಗ 16 ಕೆಬಿ ಪುಟದ ಫೋನುಗಳಿಗೂ ದಾರಿ ತೆರೆಯಿತು. ಆಂಡ್ರಾಯ್ಡ್ 15 ಅಥವಾ ಅದಕ್ಕೂ ಹೊಸದನ್ನು ಗುರಿಯಾಗಿಸಿದ ಆ್ಯಪ್‌ಗಳು 16 ಕೆಬಿ ಪುಟಕ್ಕೆ ಹೊಂದಬೇಕೆಂದು 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ ಕಡ್ಡಾಯ ಮಾಡಿತು. ಬರೀ ಕೋಟ್ಲಿನ್‌ನಲ್ಲಿ ಬರೆದವರಿಗೆ ಇದರಿಂದ ಏನೂ ಆಗಲಿಲ್ಲ. ಒಳಗೆ ಸಿ, ಸಿ++ನಿಂದ ನೇರ ಚಿಪ್‌ಗೇ ಕಟ್ಟಿದ ಒಂದೇ ಒಂದು ಹಳೆಯ ನೇಟಿವ್ ಲೈಬ್ರರಿ ಇಟ್ಟುಕೊಂಡವರಿಗೆ ಕುತ್ತಿಗೆಗೆ ಬಂತು. ಪರಿಹಾರ, ಕಂಪೈಲಾದ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಕೊಡುವ ಒಂದು ಸಾಲು, ಗರಿಷ್ಠ ಪುಟದ ಗಾತ್ರ 16384 ಎಂದು ಹೇಳುವುದು. ಆಂಡ್ರಾಯ್ಡ್‌ಗೆ ಸಿ, ಸಿ++ ಕಟ್ಟಲು ಗೂಗಲ್ ಕೊಡುವ ಉಪಕರಣಗಳ ಕಟ್ಟು ಎನ್‌ಡಿಕೆ, ಅದರ 28ನೇ ಆವೃತ್ತಿಯಿಂದ ಅದನ್ನೂ ಹೇಳಬೇಕಿಲ್ಲ. ಆದರೆ ಆ ಒಂದು ಸಾಲನ್ನು ಸೇರಿಸಿ ಮತ್ತೆ ಕಟ್ಟಲು ಗೊತ್ತಿರಬೇಕಲ್ಲ.

ನನಗೆ ಗೊತ್ತಿರಲಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಆ್ಯಪ್‌ನಲ್ಲಿ ಲೈಬ್ರರಿಯನ್ನು ಕಟ್ಟಿದ್ದವರು ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಉಳಿದದ್ದು ‘ಲಿಬ್ಸ್ ಫೈನಲ್ 2’ ಎಂಬ ಫೋಲ್ಡರು ಮಾತ್ರ. ಯಾವ ಎನ್‌ಡಿಕೆ, ಯಾವ ಆವೃತ್ತಿ, ಏನು ತೇಪೆ ಹಾಕಿದ್ದರು, ಒಂದೂ ಬರೆದಿಟ್ಟಿರಲಿಲ್ಲ. ‘ಫೈನಲ್ 1’ ಎಲ್ಲಿ ಹೋಯಿತೆಂದು ಇವತ್ತಿಗೂ ತಿಳಿದಿಲ್ಲ.

ದಾರಿ ಹಿಡಿಯುವ ಮೊದಲು ಸರಪಳಿ ಎಣಿಸಿ

ಸಾಧನ ಯಾವುದೇ ಇರಲಿ, ಎಷ್ಟು ಲೈಬ್ರರಿ ಕಟ್ಟಬೇಕು ಎಂಬುದೇ ಶ್ರಮವನ್ನು ತೀರ್ಮಾನಿಸುತ್ತದೆ. ಟೆಸೆರಾಕ್ಟ್‌ಗೆ ಲೆಪ್ಟೋನಿಕಾ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿ ಬೇಕು. ಲೆಪ್ಟೋನಿಕಾ ತನಗೆ ಪಿಎನ್‌ಜಿ, ಜೆಪೆಗ್, ಟಿಫ್, ಗಿಫ್, ವೆಬ್‌ಪಿ, ಓಪನ್‌ಜೆಪೆಗ್, ಜ್‌ಲಿಬ್ ಎಲ್ಲವೂ ಇದ್ದರೆ ಚೆನ್ನ ಎನ್ನುತ್ತದೆ. ಟೆಸೆರಾಕ್ಟ್ ತನ್ನ ಪಾಲಿಗೆ ಜಾಲದಿಂದ ಕಡತ ತರುವ ಕರ್ಲ್ ಮತ್ತು ಸಂಕುಚಿತ ಕಡತ ಬಿಚ್ಚುವ ಲಿಬ್‌ಆರ್ಕೈವ್ ಹುಡುಕುತ್ತದೆ. ಕರ್ಲ್ ಬಂದರೆ ಓಪನ್‌ಎಸ್‌ಎಸ್‌ಎಲ್ ಬರುತ್ತದೆ. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಹೊರಟ ಹಾಗೆ.

ಆದರೆ ಫೋನಿನ ಆ್ಯಪ್‌ಗೆ ಇವರಲ್ಲಿ ಯಾರು ಬೇಕು? ಪಿಎನ್‌ಜಿ, ಜೆಪೆಗ್ ಬೇಕಾಗುವುದು ಕಡತದಿಂದ ಚಿತ್ರ ಓದಲು. ಫೋನಿನಲ್ಲಿ ಚಿತ್ರ ಬರುವುದು ಕ್ಯಾಮೆರಾದಿಂದ, ಮೆಮೊರಿಯಲ್ಲಿ, ಬರೀ ಪಿಕ್ಸೆಲ್‌ಗಳಾಗಿ. ಟೆಸೆರಾಕ್ಟ್‌ನ ‘ಸೆಟ್‌ಇಮೇಜ್’ ಕಾರ್ಯಕ್ಕೆ ಪಿಕ್ಸೆಲ್ ಇರುವ ಜಾಗದ ವಿಳಾಸ, ಅಗಲ, ಎತ್ತರ, ಒಂದು ಪಿಕ್ಸೆಲ್‌ಗೆ ಎಷ್ಟು ಬೈಟ್, ಒಂದು ಸಾಲಿಗೆ ಎಷ್ಟು ಬೈಟ್ ಎಂದು ಕೊಟ್ಟರೆ ಸಾಕು. ಇನ್ನೂ ಸೊಗಸೇನೆಂದರೆ ಆಂಡ್ರಾಯ್ಡ್ ಕ್ಯಾಮೆರಾ ಚೌಕಟ್ಟುಗಳನ್ನು ಸಾಮಾನ್ಯವಾಗಿ ವೈಯುವಿ ರೂಪದಲ್ಲಿ ಕೊಡುತ್ತದೆ. ಅದರ ಮೊದಲ ಪದರವೇ 8 ಬಿಟ್‌ನ ಕಪ್ಪು-ಬಿಳುಪು ಚಿತ್ರ. ಯಾವ ಪರಿವರ್ತನೆಯೂ ಇಲ್ಲದೆ ಆ ಪದರವನ್ನು ನೇರವಾಗಿ ಎಂಜಿನ್‌ಗೆ ಕೊಡಬಹುದು.

ಇಲ್ಲಿ ನಾನೊಂದು ದಿನ ಕಳೆದುಕೊಂಡೆ. ಒಂದು ಸಾಲಿನ ಬೈಟುಗಳೆಂದು ಚಿತ್ರದ ಅಗಲವನ್ನೇ ಕೊಟ್ಟಿದ್ದೆ. ನನ್ನ ಫೋನಿನಲ್ಲಿ ಸರಿ ಬಂತು, ಇನ್ನೊಂದು ಫೋನಿನಲ್ಲಿ ಬರೀ ಅಸಂಬದ್ಧ ಅಕ್ಷರ. ಕ್ಯಾಮೆರಾ ಕೆಲವು ಫೋನುಗಳಲ್ಲಿ ಪ್ರತಿ ಸಾಲಿನ ಕೊನೆಗೆ ಖಾಲಿ ಬೈಟುಗಳನ್ನು ತುಂಬುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪ್ರತಿ ಸಾಲೂ ಹಿಂದಿನದಕ್ಕಿಂತ ಸ್ವಲ್ಪ ಸರಿಯುತ್ತಾ ಹೋಗಿ ಇಡೀ ಪುಟ ಓರೆಯಾಗುತ್ತದೆ. ಕೊಡಬೇಕಾದದ್ದು ಪದರದ ‘ರೋ ಸ್ಟ್ರೈಡ್’. ನಾನು ಮಾತ್ರ ಅಷ್ಟೂ ಹೊತ್ತು ಕಂಪೈಲರನ್ನು ಬೈಯುತ್ತಿದ್ದೆ.

ಹೀಗೆ ಕತ್ತರಿಸಿದ ಮೇಲೆ ಉಳಿಯುವುದು ಲೆಪ್ಟೋನಿಕಾ, ಟೆಸೆರಾಕ್ಟ್, ಮತ್ತು ಆಂಡ್ರಾಯ್ಡ್‌ಗೆ ಕಟ್ಟುವಾಗ ಟೆಸೆರಾಕ್ಟ್‌ನ ಸಿಮೇಕ್ ಕಡತ (ಹೇಗೆ ಕಟ್ಟಬೇಕೆಂದು ಹೇಳುವ ಕಡತ) ಕೇಳುವ ಸಿಪಿಯು ಫೀಚರ್ಸ್ ಎಂಬ ಗೂಗಲ್‌ನ ಪುಟ್ಟ ಲೈಬ್ರರಿ. ಹತ್ತು ದಾಟಿದ್ದ ಪಟ್ಟಿ ಮೂರಕ್ಕೆ ಇಳಿಯಿತು. ಕೆಳಗೆ ಹೇಳುವ ಆಯ್ಕೆಯೆಲ್ಲ ಈ ಎಣಿಕೆಯ ಮೇಲೆ ನಿಂತಿದೆ.

ಸಿದ್ಧ ಬೈನರಿ

ಬೇರೆಯವರು ಕಟ್ಟಿಟ್ಟ ಎಎಆರ್ ಪೊಟ್ಟಣವನ್ನು (ಆಂಡ್ರಾಯ್ಡ್ ಲೈಬ್ರರಿ ಬರುವ ರೂಪ) ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್‌ನ ಕಡತದಲ್ಲಿ ಒಂದು ಸಾಲಾಗಿ ಸೇರಿಸುವುದು. ಮಾದರಿ ಆ್ಯಪ್ ತೋರಿಸಬೇಕಾದಾಗ, ಕನ್ನಡ ಓದುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕಾದಾಗ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಟೆಸೆರಾಕ್ಟ್‌ಗೆ ಅಂಥವು ಇವೆ. ಹುಡುಕುವಾಗ ಟೆಸ್-ಟು ಎಂಬ ಹೆಸರು ಈಗಲೂ ಎದುರಾಗುತ್ತದೆ. ಅದು 3ನೇ ಆವೃತ್ತಿಯ ಕಾಲಕ್ಕೇ ನಿಂತಿದೆ, ನರಜಾಲದ ಎಂಜಿನ್ ಅದರಲ್ಲಿಲ್ಲ. ಅದನ್ನು ಹಾಕಿ ನೋಡಿ ‘ಕನ್ನಡಕ್ಕೆ ಟೆಸೆರಾಕ್ಟ್ ಆಗುವುದಿಲ್ಲ’ ಎಂದು ತೀರ್ಮಾನಿಸಿದವರು ನನಗೆ ಸಿಕ್ಕಿದ್ದಾರೆ.

ಇದರ ಅಪಾಯ ಎರಡು ವರ್ಷದ ಪ್ರಶ್ನೆಯಲ್ಲಿ ಕಾಣುತ್ತದೆ. ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ಅನ್ನು ಮೊಬೈಲಿಗೆ ಸಿದ್ಧಪಡಿಸಿ ಕೊಡುತ್ತಿದ್ದ ಎಫ್‌ಎಫ್‌ಎಂಪೆಗ್‌ಕಿಟ್ ಯೋಜನೆ 2025ರ ಜನವರಿಯಲ್ಲಿ ನಿವೃತ್ತಿ ಘೋಷಿಸಿತು, ಆ ವರ್ಷವೇ ಬೈನರಿಗಳನ್ನೂ ಹಿಂತೆಗೆಯಿತು. ಹಂಚುವವರಿಗೆ ಆ ಹಕ್ಕಿದೆ, ಪುಕ್ಕಟೆ ಪಡೆದ ನಮಗೆ ದೂರುವ ಹಕ್ಕಿಲ್ಲ. ಆದರೆ ಅದನ್ನೇ ನೆಚ್ಚಿಕೊಂಡಿದ್ದ ಆ್ಯಪ್‌ಗಳು ಒಂದು ಬೆಳಿಗ್ಗೆ ಕಟ್ಟುವುದನ್ನೇ ನಿಲ್ಲಿಸಿದವು. ಅದಕ್ಕೂ ಮೊದಲು 2021ರಲ್ಲಿ ಇಂಥ ಪೊಟ್ಟಣಗಳನ್ನು ಹಂಚುತ್ತಿದ್ದ ಜೆಸೆಂಟರ್ ಭಂಡಾರವೇ ಹೊಸ ಪೊಟ್ಟಣಗಳಿಗೆ ಬಾಗಿಲು ಹಾಕಿತ್ತು.

ಇನ್ನೊಂದು ಕಾಟ ಸಿ++ ಲೈಬ್ರರಿಯದು. ಎರಡು ಬೇರೆ ಬೇರೆ ಪೊಟ್ಟಣಗಳು ತಮ್ಮ ತಮ್ಮ ಲಿಬ್‌ಸಿ++ ಷೇರ್ಡ್ ಕಡತವನ್ನು ಒಳಗಿಟ್ಟುಕೊಂಡು ಬಂದರೆ ಗ್ರೇಡಲ್ ‘ಒಂದೇ ಹೆಸರಿನ ಎರಡು ಕಡತ’ ಎಂದು ನಿಲ್ಲುತ್ತದೆ. ಮೊದಲು ಸಿಕ್ಕಿದ್ದನ್ನು ತೆಗೆದುಕೋ ಎಂದು ಬರೆದರೆ ದೋಷ ಮಾಯ. ಬೇರೆ ಬೇರೆ ಎನ್‌ಡಿಕೆಯಲ್ಲಿ ಕಟ್ಟಿದವಾದರೆ ಆ ದೋಷ ಬಳಕೆದಾರರ ಫೋನಿಗೆ ವರ್ಗಾವಣೆ ಆಗಿರಲೂಬಹುದು.

ಸಿದ್ಧ ಬೈನರಿಯನ್ನೇ ಆರಿಸುವುದಾದರೆ ಮೊದಲು ಅದರ ಹೊಟ್ಟೆ ಬಗೆದು ನೋಡಿ. ಎಎಆರ್ ಎನ್ನುವುದು ಜಿಪ್ ಕಡತವೇ. ಬಿಚ್ಚಿದರೆ ಜೆಎನ್‌ಐ ಫೋಲ್ಡರಿನಲ್ಲಿ ಪ್ರತಿ ಎಬಿಐಗೂ, ಅಂದರೆ ಪ್ರತಿ ಬಗೆಯ ಚಿಪ್‌ಗೂ, ಒಂದು ಮನೆ ಇರುತ್ತದೆ. 64 ಬಿಟ್‌ನವು ಇವೆಯೇ? 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಅವು ಬೇಕೇ ಬೇಕು. ಬೈನರಿಯ ಒಳಗನ್ನು ತೋರಿಸುವ, ಎನ್‌ಡಿಕೆಯಲ್ಲೇ ಇರುವ ಆಬ್ಜ್‌ಡಂಪ್‌ಗೆ ಒಳಗಿನ ಲೈಬ್ರರಿ ಕಡತವನ್ನು ಕೊಟ್ಟು ‘ಲೋಡ್’ ಎಂಬ ಸಾಲುಗಳ ಕೊನೆ ನೋಡಿ. 2**14 (ಅಂದರೆ 16384) ಎಂದಿದ್ದರೆ 16 ಕೆಬಿಗೆ ಸಿದ್ಧ, 2**12 (4096) ಎಂದಿದ್ದರೆ ಇಲ್ಲ. ಕಟ್ಟುವ ಸ್ಕ್ರಿಪ್ಟುಗಳನ್ನು ಲೇಖಕರು ಬಯಲಿಗೆ ಇಟ್ಟಿದ್ದಾರೆಯೇ ಎಂಬುದು ಕೊನೆಯ ಪ್ರಶ್ನೆ, ನನ್ನ ಮಟ್ಟಿಗೆ ದೊಡ್ಡದೂ ಅದೇ. ಇಟ್ಟಿದ್ದರೆ ಅವರು ಕೈಬಿಟ್ಟ ದಿನ ನೀವು ಎತ್ತಿಕೊಳ್ಳಬಹುದು.

ಸ್ವಂತ ಸ್ಕ್ರಿಪ್ಟ್: ಎನ್‌ಡಿಕೆ ಮತ್ತು ಸಿಮೇಕ್

ಮೂರು ಲೈಬ್ರರಿಗೆ ನಾನು ಹಿಡಿದದ್ದು ಇದನ್ನೇ. ಎನ್‌ಡಿಕೆಯೊಳಗೆ ಆಂಡ್ರಾಯ್ಡ್‌ಗೆಂದೇ ಬರೆದ ಸಿಮೇಕ್ ಟೂಲ್‌ಚೈನ್ ಕಡತವಿದೆ. ಅದನ್ನು ತೋರಿಸಿ, ಎಬಿಐ ಯಾವುದು, ಎಪಿಐ ಮಟ್ಟ (ಆಂಡ್ರಾಯ್ಡ್ ಆವೃತ್ತಿಯನ್ನು ಸೂಚಿಸುವ ಸಂಖ್ಯೆ) ಎಷ್ಟು ಎಂದು ಹೇಳಿದರೆ ಉಳಿದ ಕಂಪೈಲರ್ ಹೆಸರು, ಆಯ್ಕೆಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಒಂದು ಶೆಲ್ ಸ್ಕ್ರಿಪ್ಟ್, ಒಳಗೆ ಎಬಿಐಗಳ ಮೇಲೆ ಒಂದು ಸುತ್ತು, ಪ್ರತಿ ಸುತ್ತಿನಲ್ಲಿ ಸಿಪಿಯು ಫೀಚರ್ಸ್, ಲೆಪ್ಟೋನಿಕಾ, ಟೆಸೆರಾಕ್ಟ್ ಅದೇ ಕ್ರಮದಲ್ಲಿ. ನನ್ನದು ನೂರು ಸಾಲನ್ನೂ ಮುಟ್ಟಿಲ್ಲ.

ಇಲ್ಲಿ ಮೊದಲ ಶತ್ರು ಹಳೆಯ ಸಲಹೆ. ಅಂತರ್ಜಾಲದಲ್ಲಿ ಹುಡುಕಿದರೆ ‘ಸ್ಟ್ಯಾಂಡ್‌ಅಲೋನ್ ಟೂಲ್‌ಚೈನ್ ತಯಾರಿಸಿ, ಜಿಸಿಸಿ ಬಳಸಿ’ ಎನ್ನುವ ಉತ್ತರಗಳೇ ಮೇಲೆ ತೇಲುತ್ತವೆ. ಎನ್‌ಡಿಕೆ 18ರಲ್ಲಿ ಜಿಸಿಸಿ ಕಂಪೈಲರನ್ನು ತೆಗೆದರು, 19ರಿಂದ ಸ್ಟ್ಯಾಂಡ್‌ಅಲೋನ್ ಟೂಲ್‌ಚೈನ್ ಅಗತ್ಯವೇ ಇಲ್ಲ, 23ರಲ್ಲಿ ಗ್ನೂ ಬಿನ್‌ಯುಟಿಲ್ಸ್ ಕೂಡ ಹೋಯಿತು. ಮಿಪ್ಸ್ ಅಥವಾ ಬರೀ ಆರ್ಮ್‌ಇಎಬಿಐ ಎಂಬ ಹಳೆಯ ಎಬಿಐಗಳ ಹೆಸರು ಕಂಡರೆ ಆ ಉತ್ತರ 2018ಕ್ಕಿಂತ ಹಿಂದಿನದೆಂದು ತಿಳಿದು ಪುಟ ಮುಚ್ಚಿ.

ಎರಡನೆಯದು ಹುಡುಕಾಟದ ಗೊಂದಲ. ಲೆಪ್ಟೋನಿಕಾ ಕಟ್ಟಿ ಒಂದು ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿದ್ದೀರಿ, ಅದು ಕಣ್ಣೆದುರೇ ಇದೆ. ಟೆಸೆರಾಕ್ಟ್ ಮಾತ್ರ ‘ಲೆಪ್ಟೋನಿಕಾ ಸಿಗಲಿಲ್ಲ’ ಎನ್ನುತ್ತದೆ. ದಾರಿ ತೋರಿಸಿದರೂ ಸಿಗಲಿಲ್ಲ ಎನ್ನುತ್ತದೆ. ಕಾರಣ, ಆಂಡ್ರಾಯ್ಡ್ ಟೂಲ್‌ಚೈನ್ ಕಡತ ತನ್ನ ಬೇರು ಫೋಲ್ಡರಿನ ಹೊರಗೆ ಹುಡುಕಬೇಡ ಎಂದು ಸಿಮೇಕ್‌ಗೆ ಅಪ್ಪಣೆ ಮಾಡಿರುತ್ತದೆ. ಅದು ಒಳ್ಳೆಯದಕ್ಕೇ, ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪಿನ ಇಂಟೆಲ್ ಲೈಬ್ರರಿಯನ್ನು ಎತ್ತಿಕೊಂಡು ಬಂದು ಲಿಂಕರ್ ಬಳಿ ಜಗಳ ತೆಗೆಯುತ್ತಿತ್ತು. ನಿಮ್ಮ ಇನ್‌ಸ್ಟಾಲ್ ಫೋಲ್ಡರನ್ನು ‘ಸಿಮೇಕ್ ಫೈಂಡ್ ರೂಟ್ ಪಾತ್’ ಪಟ್ಟಿಗೆ ಸೇರಿಸಿದರೆ ಮುಗಿಯಿತು. ಈ ಒಂದು ಸಾಲು ಗೊತ್ತಿಲ್ಲದೆ ಸ್ವಂತ ಸ್ಕ್ರಿಪ್ಟನ್ನು ಕೈಬಿಟ್ಟವರು ಬಹಳ ಮಂದಿ ಇರಬೇಕು.

ಎಪಿಐ ಮಟ್ಟವನ್ನು ಆ್ಯಪ್‌ನ ಕನಿಷ್ಠ ಮಟ್ಟಕ್ಕೇ ಇಡಬೇಕು. ಹೊಸದೇ ಒಳ್ಳೆಯದೆಂದು 28 (ಆಂಡ್ರಾಯ್ಡ್ 9ರ ಮಟ್ಟ) ಕೊಟ್ಟು ಆಂಡ್ರಾಯ್ಡ್ 7ರ ಫೋನಿನಲ್ಲಿ ಓಡಿಸಿದರೆ ಲೈಬ್ರರಿ ತೆರೆಯುವಾಗಲೇ ‘ಸಿಂಬಲ್ ಸಿಗಲಿಲ್ಲ’ ಎಂದು ಕುಸಿಯಬಹುದು. ಕಟ್ಟುವಾಗ ಎಚ್ಚರಿಕೆಯ ಒಂದು ಸಾಲೂ ಬಂದಿರುವುದಿಲ್ಲ. ಹಾಗೆಯೇ ಲೈಬ್ರರಿಯ ಹೆಸರಿನ ಕೊನೆಗೆ .5 ಎಂಬಂಥ ಆವೃತ್ತಿಯ ಬಾಲ ಇದ್ದರೆ ಗ್ರೇಡಲ್ ಅದನ್ನು ಆ್ಯಪ್‌ಗೆ ತುಂಬುವುದಿಲ್ಲ. ಸ್ಥಿರ (ಸ್ಟ್ಯಾಟಿಕ್) ಲೈಬ್ರರಿಗಳಾಗಿ ಕಟ್ಟಿ, ಕೊನೆಗೆ ನಿಮ್ಮದೇ ಒಂದು ಹಂಚಿಕೆಯ (ಷೇರ್ಡ್) ಲೈಬ್ರರಿಯೊಳಗೆ ಎಲ್ಲವನ್ನೂ ಸೇರಿಸಿಬಿಟ್ಟರೆ ಬಾಲದ ಗೋಳೂ ಇಲ್ಲ, ಸಿ++ ಲೈಬ್ರರಿಯನ್ನೂ ಒಳಗೇ ಅಡಗಿಸಬಹುದು.

ಈ ದಾರಿ ಎಲ್ಲಿ ಸೋಲುತ್ತದೆ? ಸಿಮೇಕ್ ಬಳಸದ ಲೈಬ್ರರಿಗಳು ಸರಪಳಿಯಲ್ಲಿ ಬಂದಾಗ. ಆಟೋಟೂಲ್ಸ್ ಎಂಬ ಇನ್ನೊಂದು ಕಟ್ಟುವ ವ್ಯವಸ್ಥೆಯವಕ್ಕೆ ಕಂಪೈಲರ್ ಹೆಸರನ್ನು ಕೈಯಾರೆ ಕೊಡಬೇಕು, ಓಪನ್‌ಎಸ್‌ಎಸ್‌ಎಲ್‌ಗೆ ಪರ್ಲ್‌ನಲ್ಲಿ ಬರೆದ ತನ್ನದೇ ಸಂರಚನೆ ಇದೆ, ಯೂನಿಕೋಡ್ ಪಠ್ಯದ ಲೈಬ್ರರಿಯಾದ ಐಸಿಯು ಅನ್ನು ಮೊದಲು ಲ್ಯಾಪ್‌ಟಾಪಿಗೆ ಕಟ್ಟಿ ಅದರ ಉಪಕರಣಗಳನ್ನು ಬಳಸಿ ಮತ್ತೆ ಫೋನಿಗೆ ಕಟ್ಟಬೇಕು. ನಾಲ್ಕೈದು ಲೈಬ್ರರಿ ದಾಟಿತೆಂದರೆ ನಿಮ್ಮ ಸ್ಕ್ರಿಪ್ಟ್ ತಾನೇ ಒಂದು ಪ್ಯಾಕೇಜ್ ಮ್ಯಾನೇಜರ್ (ಲೈಬ್ರರಿಗಳನ್ನು ತಂದು ಹೊಂದಿಸಿ ಕೊಡುವ ಸಾಧನ) ಆಗತೊಡಗುತ್ತದೆ, ಅದೂ ಅರೆಬೆಂದದ್ದು.

ವಿಸಿಪಿಕೆಜಿ

ಮೈಕ್ರೋಸಾಫ್ಟ್ 2016ರಲ್ಲಿ ಹೊರತಂದ ಸಿ, ಸಿ++ ಪ್ಯಾಕೇಜ್ ಮ್ಯಾನೇಜರ್. ಯಾವ ಯಂತ್ರಕ್ಕೆ ಕಟ್ಟಬೇಕು ಎಂಬುದನ್ನು ಟ್ರಿಪ್ಲೆಟ್ ಎಂಬ ಚಿಕ್ಕ ಕಡತ ಹೇಳುತ್ತದೆ. ಆಂಡ್ರಾಯ್ಡ್‌ಗೆ, ಐಒಎಸ್‌ಗೆ ಸಿದ್ಧ ಟ್ರಿಪ್ಲೆಟ್‌ಗಳಿವೆ. ಎನ್‌ಡಿಕೆ ಎಲ್ಲಿದೆ ಎಂದು ತಿಳಿಸಿ, ಬೇಕಾದ ಲೈಬ್ರರಿಗಳನ್ನು ಒಂದು ಜೇಸನ್ ಕಡತದಲ್ಲಿ ಬರೆದರೆ ಅದು ಮೂಲ ಕೋಡ್ ತಂದು ನಿಮ್ಮ ಯಂತ್ರದಲ್ಲೇ ಕಟ್ಟುತ್ತದೆ. ಪ್ರತಿ ಲೈಬ್ರರಿಯನ್ನು ಕಟ್ಟುವ ವಿಧಾನ ಅದರ ಪಾಕಪಟ್ಟಿಯಲ್ಲಿರುತ್ತದೆ. ಯಾವ ದಿನದ ಪಾಕಪಟ್ಟಿ ಎಂಬುದನ್ನು ‘ಬೇಸ್‌ಲೈನ್’ ಆಗಿ ಬರೆದಿಟ್ಟರೆ ಎರಡು ವರ್ಷದ ನಂತರವೂ ಅವೇ ಆವೃತ್ತಿಗಳು ಸಿಗುತ್ತವೆ. ನನ್ನ ಅಳತೆಗೋಲಿಗೆ ಇದು ತುಂಬ ದೊಡ್ಡ ಗುಣ.

ಟೆಸೆರಾಕ್ಟ್‌ಗೆ ಬಳಸಿ ನೋಡಿದಾಗ ನನಗೆ ಮೂಗಿಗಿಂತ ಮೂಗುತಿ ಭಾರ ಎನಿಸಿತು. ನಾನು ಕತ್ತರಿಸಿ ಬಿಸಾಡಿದ್ದ ಚಿತ್ರದ ಲೈಬ್ರರಿಗಳು, ಕರ್ಲ್ ಸಮೇತ, ಮೆರವಣಿಗೆಯಲ್ಲಿ ವಾಪಸು ಬಂದವು. ಪಾಕಪಟ್ಟಿ ಬರೆದವರು ಎಲ್ಲರಿಗೂ ಆಗುವಂತೆ ಬರೆದಿರುತ್ತಾರೆ, ಫೋನಿನವರನ್ನು ನೆನೆದು ಬರೆದಿರುವುದಿಲ್ಲ. ನಿಮ್ಮದೇ ಪಾಕಪಟ್ಟಿಯನ್ನು ಮೇಲ್ಹೊದಿಕೆಯಾಗಿ ಕೊಡಬಹುದು, ಆದರೆ ಅಲ್ಲಿಗೆ ಸ್ವಂತ ಸ್ಕ್ರಿಪ್ಟ್‌ನ ಅರ್ಧ ಕೆಲಸ ಮಾಡಿದಂತಾಯಿತು.

ಟ್ರಿಪ್ಲೆಟ್ ಕಡತವನ್ನು ಹಾಗೆಯೇ ನಂಬಬೇಡಿ. ಆಂಡ್ರಾಯ್ಡ್‌ನ ಸಿದ್ಧ ಟ್ರಿಪ್ಲೆಟ್‌ನಲ್ಲಿ ನಾನು ನೋಡಿದಾಗ ಎಪಿಐ ಮಟ್ಟ 28 ಎಂದಿತ್ತು, ನನ್ನ ಆ್ಯಪ್‌ನ ಕನಿಷ್ಠ 24. ಜತೆಗೆ ಅದು ಡಿಬಗ್, ರಿಲೀಸ್ ಎರಡನ್ನೂ ಕಟ್ಟುತ್ತದೆ. ಕಡತವನ್ನು ನಕಲು ಮಾಡಿಕೊಂಡು ಮಟ್ಟ ಇಳಿಸಿ, ರಿಲೀಸ್ ಮಾತ್ರ ಸಾಕೆಂದು ಒಂದು ಸಾಲು ಬರೆದರೆ ಕಾಯುವ ಸಮಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೋನನ್

ಇದೂ ಸಿ, ಸಿ++ ಪ್ಯಾಕೇಜ್ ಮ್ಯಾನೇಜರೇ. ಪೈಥಾನ್‌ನಲ್ಲಿ ಬರೆದದ್ದು, ಜೆಫ್ರಾಗ್ ಕಂಪನಿಯ ಆಸರೆಯಲ್ಲಿದೆ. 2023ರ ಫೆಬ್ರುವರಿಯಲ್ಲಿ ಬಂದ 2ನೇ ಆವೃತ್ತಿ ಹಿಂದಿನದಕ್ಕಿಂತ ಎಷ್ಟು ಬೇರೆಯೆಂದರೆ 1ರ ಕಾಲದ ಉದಾಹರಣೆಗಳು ಈಗ ದಾರಿ ತಪ್ಪಿಸುವುದೇ ಹೆಚ್ಚು. ಇದರಲ್ಲಿ ನನಗೆ ಹಿಡಿಸಿದ್ದು ಎರಡು ಪ್ರೊಫೈಲ್‌ಗಳ ಕಲ್ಪನೆ: ಕಟ್ಟುವ ಯಂತ್ರಕ್ಕೊಂದು, ಓಡುವ ಯಂತ್ರಕ್ಕೊಂದು. ಐಸಿಯುನಂತೆ ಕಟ್ಟುವಾಗಲೇ ತನ್ನ ಉಪಕರಣ ಓಡಿಸಬೇಕಾದ ಲೈಬ್ರರಿ ಇದ್ದರೆ, ಯಾವುದು ಲ್ಯಾಪ್‌ಟಾಪಿಗೆ ಯಾವುದು ಫೋನಿಗೆ ಎಂಬ ಲೆಕ್ಕವನ್ನು ಅದು ತಪ್ಪದೆ ಇಡುತ್ತದೆ.

ಪ್ರತಿ ಲೈಬ್ರರಿಯ ಒಳ ಆಯ್ಕೆಗಳನ್ನು ಹೊರಗಿನಿಂದಲೇ ತಿರುಗಿಸಲು ಬರುವುದು ಇನ್ನೊಂದು ಅನುಕೂಲ. ಲೆಪ್ಟೋನಿಕಾಗೆ ಟಿಫ್ ಬೇಡ, ವೆಬ್‌ಪಿ ಬೇಡ, ಟೆಸೆರಾಕ್ಟ್‌ಗೆ ಕರ್ಲ್ ಬೇಡ ಎಂದು ಪ್ರೊಫೈಲ್‌ನಲ್ಲೇ ಬರೆಯಬಹುದು. ಸರಪಳಿ ಕತ್ತರಿಸುವ ಕೆಲಸಕ್ಕೆ ವಿಸಿಪಿಕೆಜಿಗಿಂತ ಇದು ಹದವಾಗಿದೆ. ಆದರೆ ಅದರ ಸಾರ್ವಜನಿಕ ಭಂಡಾರದಲ್ಲಿ ಆಂಡ್ರಾಯ್ಡ್, ಐಒಎಸ್‌ಗೆ ಸಿದ್ಧ ಬೈನರಿ ಸಿಗುತ್ತದೆಂದು ಕಾಯಬೇಡಿ. ‘ಇಲ್ಲದ್ದನ್ನು ಕಟ್ಟಿಕೋ’ ಎಂದು ಹೇಳಿ ನಿಮ್ಮ ಯಂತ್ರದಲ್ಲೇ ಕಟ್ಟಿಸಬೇಕು. ಕಟ್ಟಿದ್ದನ್ನು ತಂಡದ ಸ್ವಂತ ಸರ್ವರಿನಲ್ಲಿ ಇಟ್ಟರೆ ಉಳಿದವರು ಇಳಿಸಿಕೊಂಡರಾಯಿತು. ಹತ್ತು ಜನರ ತಂಡಕ್ಕೆ ಇದು ವರ, ಒಬ್ಬನೇ ಇದ್ದರೆ ಕಲಿಯುವ ಹೊರೆಯೇ ಹೆಚ್ಚು.

ಒಂದು ತಮಾಷೆ. ಒಂದೇ ಚಿಪ್‌ಗೆ ಆಂಡ್ರಾಯ್ಡ್‌ನ ಎಬಿಐ ಪಟ್ಟಿಯಲ್ಲಿ ಆರ್ಮ್64-ವಿ8ಎ ಎಂದು ಹೆಸರು, ಎನ್‌ಡಿಕೆಯ ಕಂಪೈಲರ್‌ಗೆ ಎಆರ್ಚ್64, ವಿಸಿಪಿಕೆಜಿಗೆ ಆರ್ಮ್64, ಕೋನನ್‌ಗೆ ಆರ್ಮ್‌ವಿ8. ಕೋನನ್‌ನಲ್ಲಿ ಆರ್ಮ್64 ಎಂದು ಬರೆದು ಅದು ಒಪ್ಪದೆ ತಕರಾರು ಮಾಡಿದಾಗ ನಿಮ್ಮದೇನೂ ದೊಡ್ಡ ತಪ್ಪಲ್ಲ.

ಐಫೋನ್ ಕಡೆ

ಮ್ಯಾಕ್ ಬೇಕು. ಇದಕ್ಕೆ ಸುತ್ತುದಾರಿ ಇಲ್ಲ, ಬೇಕಾದರೆ ಬಾಡಿಗೆಯ ಮ್ಯಾಕ್ ಸರ್ವರಿನಲ್ಲಿ ಕಟ್ಟಿಸಬಹುದು. ಎಬಿಐಗಳ ಜಾತ್ರೆ ಇಲ್ಲಿಲ್ಲ, 2017ರ ಐಒಎಸ್ 11ರಿಂದ 32 ಬಿಟ್ ಆ್ಯಪ್‌ಗಳೇ ಇಲ್ಲ. ತೊಡಕು, ಮ್ಯಾಕ್‌ನಲ್ಲೇ ಫೋನಿನಂತೆ ಆ್ಯಪ್ ಓಡಿಸಿ ನೋಡುವ ಸಿಮ್ಯುಲೇಟರ್‌ನದು. 2020ರಲ್ಲಿ ಆ್ಯಪಲ್ ಸಿಲಿಕಾನ್ ಮ್ಯಾಕ್‌ಗಳು ಬಂದ ಮೇಲೆ ಸಿಮ್ಯುಲೇಟರ್ ಕೂಡ ಆರ್ಮ್64, ಫೋನೂ ಆರ್ಮ್64. ಆದರೆ ಒಂದಕ್ಕೆ ಕಟ್ಟಿದ್ದು ಇನ್ನೊಂದಕ್ಕೆ ನಡೆಯದು. ಹಿಂದೆ ಲಿಪೊ ಎಂಬ ಉಪಕರಣದಿಂದ ಎಲ್ಲವನ್ನೂ ಒಂದೇ ಕೊಬ್ಬಿದ ಕಡತಕ್ಕೆ ಸೇರಿಸುತ್ತಿದ್ದೆವು. ಒಂದು ಕಡತದಲ್ಲಿ ಎರಡು ಆರ್ಮ್64 ಇರಲು ಬರುವುದಿಲ್ಲವಾದ್ದರಿಂದ ಆ ದಾರಿ ಮುಚ್ಚಿತು. ಈಗಿನದು 2019ರಲ್ಲಿ ಎಕ್ಸ್‌ಕೋಡ್ 11ರೊಂದಿಗೆ ಬಂದ ಎಕ್ಸ್‌ಸಿಫ್ರೇಮ್‌ವರ್ಕ್: ಫೋನಿಗೊಂದು, ಸಿಮ್ಯುಲೇಟರ್‌ಗೊಂದು ಪ್ರತ್ಯೇಕ ಫೋಲ್ಡರು, ಹೊರಗೆ ಒಂದೇ ಪೊಟ್ಟಣ.

ಸಿಮೇಕ್ 3.14ರಿಂದ ಐಒಎಸ್ ಬೆಂಬಲ ಒಳಗೇ ಇದೆ. ಹಾಗಾಗಿ ಸ್ವಂತ ಸ್ಕ್ರಿಪ್ಟ್ ಹಿಡಿದವರು ಆಂಡ್ರಾಯ್ಡ್‌ನ ಸ್ಕ್ರಿಪ್ಟನ್ನೇ ತಿದ್ದಿ ಬಳಸಬಹುದು. ಸಿಪಿಯು ಫೀಚರ್ಸ್ ಇಲ್ಲಿ ಬೇಡ. ವಿಸಿಪಿಕೆಜಿ, ಕೋನನ್ ಎರಡೂ ಲೈಬ್ರರಿಗಳನ್ನು ಕಟ್ಟುತ್ತವೆ, ಆದರೆ ಕೊನೆಗೆ ಪೊಟ್ಟಣ ಕಟ್ಟುವ ಕೆಲಸ ನಿಮ್ಮದೇ. ಸ್ವಿಫ್ಟ್‌ನಿಂದ ಕರೆಯಲು ಟೆಸೆರಾಕ್ಟ್‌ನ ಸಿ++ ಮುಖಕ್ಕಿಂತ ಅದರಲ್ಲೇ ಇರುವ ಸಿ ಮುಖ ಹಿತ, ಒಂದು ಮಾಡ್ಯೂಲ್‌ಮ್ಯಾಪ್ ಬರೆದರೆ ನೇರವಾಗಿ ಸಿಗುತ್ತದೆ. ಕ್ಯಾಮೆರಾದ ಮೊದಲ ಪದರವನ್ನೇ ಕೊಡುವ ಉಪಾಯ ಇಲ್ಲಿಯೂ ನಡೆಯುತ್ತದೆ, ಸಾಲಿನ ಬೈಟುಗಳ ಎಚ್ಚರವೂ ಅದೇ.

ರಸ್ಟ್ ಮತ್ತು ಗೋ

ಇವನ್ನು ಹೋಲಿಕೆಗೆ ತರುವವರಿದ್ದಾರೆ. ನೀವೇ ಹೊಸದಾಗಿ ಬರೆಯುವ ಕೋಡ್ ಆದರೆ ರಸ್ಟ್‌ನಲ್ಲಿ ಗುರಿ ಯಂತ್ರವನ್ನು ಸೇರಿಸುವುದು ಒಂದು ಆದೇಶ, ಕಾರ್ಗೊ-ಎನ್‌ಡಿಕೆ ಉಳಿದದ್ದನ್ನು ಮಾಡುತ್ತದೆ. ಗೋ ಭಾಷೆಯ ಗೋಮೊಬೈಲ್ ನೇರ ಎಎಆರ್ ಅನ್ನೇ ಕೈಗಿಡುತ್ತದೆ. ಆದರೆ ಹಳೆಯ ಸಿ++ ಲೈಬ್ರರಿಯೊಂದನ್ನು ಫೋನಿಗೆ ತರಬೇಕಾದವರಿಗೆ ಅವುಗಳ ಕೆಳಗೂ ಮತ್ತೆ ಇದೇ ಎನ್‌ಡಿಕೆ, ಇದೇ ಸರಪಳಿ.

ಯಾರಿಗೆ ಯಾವುದು

ಮುಂದಿನ ವಾರ ಯಾರಿಗೋ ತೋರಿಸಬೇಕು, ಆಮೇಲೆ ಏನೆಂದು ಗೊತ್ತಿಲ್ಲ ಎನ್ನುವವರು ಸಿದ್ಧ ಬೈನರಿ ಹಾಕಿಕೊಳ್ಳಿ, ನಾಚಿಕೆ ಬೇಡ. ಕತ್ತರಿಸಿದ ಮೇಲೆ ಮೂರು ನಾಲ್ಕು ಲೈಬ್ರರಿ ಉಳಿದು, ಎಲ್ಲವೂ ಸಿಮೇಕ್‌ನವಾದರೆ ಸ್ವಂತ ಸ್ಕ್ರಿಪ್ಟ್. ಎನ್‌ಡಿಕೆಯ ಆವೃತ್ತಿ ಮತ್ತು ಪ್ರತಿ ಲೈಬ್ರರಿಯ ಕಮಿಟ್ ಸಂಖ್ಯೆಯನ್ನು ಅದೇ ಕಡತದ ತಲೆಯಲ್ಲಿ ಬರೆದಿಡಿ. ಸರಪಳಿ ಉದ್ದವಾಗಿದ್ದು, ಪಾಕಪಟ್ಟಿ ಇದ್ದ ಹಾಗೆಯೇ ನಿಮಗೆ ಒಗ್ಗುವುದಾದರೆ ವಿಸಿಪಿಕೆಜಿ. ವಿಂಡೋಸ್‌ನಲ್ಲೂ ಅದೇ ಕೋಡ್ ಕಟ್ಟುವವರಿಗಂತೂ ಅದೇ ಸಲೀಸು. ಸರಪಳಿ ಉದ್ದ, ಆಯ್ಕೆಗಳನ್ನು ತಿರುಗಿಸುವುದೂ ಬಹಳ, ತಂಡವೂ ದೊಡ್ಡದು ಎಂದರೆ ಕೋನನ್.

ಯಾವುದನ್ನೇ ಹಿಡಿದರೂ ಕೊನೆಗೆ ನೋಡಬೇಕಾದ ಎರಡು ಸಂಗತಿಗಳಿವೆ. ಕನ್ನಡ ದತ್ತಾಂಶದ ಕಡತವನ್ನು ಆ್ಯಪ್‌ನ ‘ಅಸೆಟ್ಸ್’ ಫೋಲ್ಡರಿನಲ್ಲಿ ಇಟ್ಟರೆ ಟೆಸೆರಾಕ್ಟ್‌ಗೆ ಅದು ಕಾಣುವುದಿಲ್ಲ. ಎಪಿಕೆಯ (ಫೋನಿಗೆ ಹಾಕುವ ಆ್ಯಪ್ ಪೊಟ್ಟಣದ) ಒಳಗಿರುವುದನ್ನು ಸಿ ಭಾಷೆಯ ಸಾಮಾನ್ಯ ಕಡತ ತೆರೆಯುವ ಕಾರ್ಯ ತೆರೆಯಲಾರದು. ಮೊದಲ ಸಲ ಆ್ಯಪ್ ತೆರೆದಾಗ ಅದನ್ನು ಆ್ಯಪ್‌ನ ಒಳ ಸಂಗ್ರಹಕ್ಕೆ ನಕಲು ಮಾಡಿ, ಆ ದಾರಿ ಕೊಡಬೇಕು. ಇನ್ನೊಂದು, 16 ಕೆಬಿಯ ಹೊಂದಿಕೆ ಎರಡು ಕಡೆ ಇರಬೇಕು: ಲೈಬ್ರರಿಯೊಳಗೆ, ಮತ್ತು ಸಂಕುಚಿತವಾಗದ ಲೈಬ್ರರಿ ಎಪಿಕೆಯ ಜಿಪ್‌ನಲ್ಲಿ ಕೂರುವ ಜಾಗದಲ್ಲಿ. ಎರಡನೆಯದನ್ನು ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.5.1ರಿಂದ ತಾನೇ ನೋಡಿಕೊಳ್ಳುತ್ತದೆ. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ 16 ಕೆಬಿ ಪುಟದ ಎಮ್ಯುಲೇಟರ್ ಚಿತ್ರಿಕೆ ಸಿಗುತ್ತದೆ. ಅದನ್ನು ಎಬ್ಬಿಸಿ, ಎಡಿಬಿ ಶೆಲ್‌ನಲ್ಲಿ ಗೆಟ್‌ಕಾನ್ಫ್‌ಗೆ ಪುಟದ ಗಾತ್ರ ಕೇಳಿ 16384 ಎಂಬ ಉತ್ತರ ಬಂದದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಆ್ಯಪ್ ಹಾಕಿ, ಒಂದು ಪುಟ ಓದಿಸಿ ನೋಡಿ.